ಹೈಬ್ರಿಡ್ ಕಾರಿನ ಚಾಳಿ ಬದಲಾಯಿತೇ? ದೋಷ ಯಾವುದು, ಹೊಂದಾಣಿಕೆ ಯಾವುದು

ಕಳೆದ ಬೇಸಿಗೆಯಲ್ಲಿ ನಮ್ಮ ಹೈಬ್ರಿಡ್ ಕಾರನ್ನು (ಪೆಟ್ರೋಲ್ ಎಂಜಿನ್ ಜೊತೆ ವಿದ್ಯುತ್ ಮೋಟರೂ ಇರುವ ಗಾಡಿ) ಭಾವ ಹತ್ತು ದಿನ ಊರಿಗೆ ಒಯ್ದಿದ್ದರು. ಲೀಟರಿಗೆ 21 ಕಿ.ಮೀ. ಕೊಡುತ್ತಿದ್ದ ಗಾಡಿ ವಾಪಸ್ ಬಂದ ಮೇಲೆ ಹದಿನೆಂಟೂವರೆಗೆ ಇಳಿಯಿತು. ಒಂದು ವರ್ಕ್‌ಶಾಪಿನಲ್ಲಿ ತೋರಿಸಿದೆ. "ಸಾರ್, ಹೈಬ್ರಿಡ್ ಅಲ್ವಾ, ಓಡಿಸೋರ ಕೈ ಕಲಿಯುತ್ತೆ. ನಿಮ್ಮ ಭಾವನ ಕೈ ಕಲಿತುಬಿಟ್ಟಿದೆ. ರೀಸೆಟ್ ಮಾಡಬೇಕು" ಅಂದರು. ರೀಸೆಟ್‌ಗೆ ಎರಡು ಸಾವಿರ ರೂಪಾಯಿ. ಯೋಚಿಸಿ ಹೇಳುತ್ತೇನೆ ಎಂದು ಹೊರಗೆ ಬಂದು, ಪಕ್ಕದ ಪಂಕ್ಚರ್ ಅಂಗಡಿಯಲ್ಲಿ ಗಾಳಿ ನೋಡಿಸಿದೆ. 33 ಇರಬೇಕಾದ ಕಡೆ ನಾಲ್ಕೂ ಟೈರಿನಲ್ಲಿ 26 ಇತ್ತು. ತಲೆ ಮೇಲೆ ಭಾವ ಹಾಕಿಸಿದ್ದ ಕ್ಯಾರಿಯರ್ ಹಾಗೇ ಕೂತಿತ್ತು. ಗಾಳಿ ಹೊಡೆಸಿ, ಕ್ಯಾರಿಯರ್ ಬಿಚ್ಚಿದ ಮೇಲೆ ಎರಡು ಟ್ಯಾಂಕ್ ಮುಗಿಯುವಷ್ಟರಲ್ಲಿ ಮೈಲೇಜ್ ಹಳೇ ಲೆಕ್ಕಕ್ಕೆ ಬಂತು.

ಗಾಡಿ ಕಲಿಯುತ್ತದೆ ಎನ್ನುವುದು ಪೂರ್ತಿ ಸುಳ್ಳಲ್ಲ. ಆದರೆ ಅದು ಕಲಿಯುವುದಕ್ಕಿಂತ ಹೆಚ್ಚಾಗಿ ಆ ಕ್ಷಣವನ್ನು ಓದುತ್ತದೆ. ಆಕ್ಸಿಲರೇಟರ್ ಎಷ್ಟು ಒತ್ತಿದ್ದೀರಿ, ಬ್ಯಾಟರಿಯಲ್ಲಿ ಎಷ್ಟು ಚಾರ್ಜ್ ಇದೆ, ಎಂಜಿನ್ ಎಷ್ಟು ಬಿಸಿಯಾಗಿದೆ, ಎಸಿ ಎಷ್ಟು ಎಳೆಯುತ್ತಿದೆ, ವೇಗ ಎಷ್ಟು ಎಂದು ಸೆಕೆಂಡಿಗೆ ಹಲವು ಸಲ ನೋಡಿ, ಎಂಜಿನ್ ಬೇಕೋ ಮೋಟರ್ ಸಾಕೋ ಎಂದು ತೀರ್ಮಾನಿಸುತ್ತದೆ. ನಿಜವಾಗಿ ನೆನಪಿಟ್ಟುಕೊಳ್ಳುವುದು ಸ್ವಲ್ಪವೇ. ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣದ ತಿದ್ದುಪಡಿ ಅದರಲ್ಲೊಂದು. ಇನ್ನು ಎಷ್ಟು ಕಿ.ಮೀ. ಹೋಗಬಹುದು ಎಂದು ಮೀಟರ್ ತೋರಿಸುವ ಅಂದಾಜು ಇನ್ನೊಂದು. ಅದು ನೀವು ಇತ್ತೀಚೆಗೆ ಓಡಿಸಿದ ರೀತಿಯ ಮೇಲೆ ನಿಂತಿರುತ್ತದೆ. ಹಾಗಾಗಿ ಘಾಟಿ ಹತ್ತಿ ಬಂದ ಮಾರನೇ ದಿನ ಆ ಸಂಖ್ಯೆ ಕಡಿಮೆ ಕಂಡರೆ ಗಾಬರಿ ಬೇಡ. ದಾರಿಯನ್ನೇ ನೆನಪಿಡುವ ಕಾರುಗಳೂ ಇವೆ. ಅಮೆರಿಕದಲ್ಲಿ ಮಾರಿದ 2019ರ ಟೊಯೋಟಾ ಅವಲಾನ್ ಹೈಬ್ರಿಡ್‌ನಲ್ಲಿ, ನೀವು ದಿನಾ ಎಲ್ಲಿ ನಿಧಾನ ಮಾಡುತ್ತೀರಿ ಎಂದು ನ್ಯಾವಿಗೇಶನ್ ಮೂಲಕ ತಿಳಿದು ಬ್ಯಾಟರಿಯನ್ನು ಮೊದಲೇ ಸಿದ್ಧ ಮಾಡಿಕೊಳ್ಳುವ ವ್ಯವಸ್ಥೆ ಇತ್ತು. ಅಂಥದ್ದು ನಿಮ್ಮ ಗಾಡಿಯಲ್ಲಿದ್ದರೆ ಅದರ ಕೈಪಿಡಿಯಲ್ಲಿ ಬರೆದಿರುತ್ತದೆ.

ಕೆಳಗಿನದು ಮನೆಯಲ್ಲಿ ಕೂತು ನೋಡಬಹುದಾದ ಕ್ರಮ. ಕಾಸು ಖರ್ಚಿಲ್ಲದ್ದು ಮೊದಲು.

ಬಾನೆಟ್ ಎತ್ತುವ ಮುಂಚೆ

ಕಿತ್ತಳೆ ಬಣ್ಣದ ದಪ್ಪ ಕೇಬಲ್ ಕಂಡರೆ ಮುಟ್ಟಬೇಡಿ. ಅದಕ್ಕೆ ಜೋಡಿಸಿದ ಡಬ್ಬಿಯನ್ನೂ ಬಿಚ್ಚಬೇಡಿ. ಟೊಯೋಟಾ ಹೈರೈಡರ್ ಹೈಬ್ರಿಡ್‌ನಲ್ಲಿ ಮೋಟರ್ ಓಡಿಸುವ ದೊಡ್ಡ ಬ್ಯಾಟರಿ 177.6 ವೋಲ್ಟ್. ಟೊಯೋಟಾದ್ದೇ ಮೂರನೇ ತಲೆಮಾರಿನ ಪ್ರಿಯಸ್‌ನಲ್ಲಿ ಇನ್ವರ್ಟರ್ (ಬ್ಯಾಟರಿ ಕರೆಂಟನ್ನು ಮೋಟರಿಗೆ ಹೊಂದಿಸುವ ಭಾಗ) ಆ ಗಾಡಿಯ ಬ್ಯಾಟರಿ ವೋಲ್ಟೇಜನ್ನು 650 ವೋಲ್ಟ್‌ವರೆಗೆ ಏರಿಸುತ್ತದೆ. ಗಾಡಿ ಆಫ್ ಆಗಿದ್ದರೂ ಒಳಗೆ ಸ್ವಲ್ಪ ಹೊತ್ತು ಚಾರ್ಜ್ ಉಳಿದಿರುತ್ತದೆ.

ಇನ್ನೊಂದು ಅಪಾಯ ಇದಕ್ಕಿಂತ ಸಾಮಾನ್ಯ. ಮೀಟರಿನಲ್ಲಿ ರೆಡಿ (READY) ದೀಪ ಉರಿಯುತ್ತಿದ್ದರೆ ಎಂಜಿನ್ ಸುಮ್ಮನಿದ್ದರೂ ಗಾಡಿ ಆನ್ ಆಗಿಯೇ ಇದೆ. ಬ್ಯಾಟರಿ ಇಳಿದರೆ ಎಂಜಿನ್ ಥಟ್ ಅಂತ ತಾನೇ ಚಾಲೂ ಆಗುತ್ತದೆ. ನಿಮ್ಮ ಕೈ ಆಗ ಫ್ಯಾನ್ ಹತ್ತಿರ ಇರಬಾರದು. ಪವರ್ ಬಟನ್ ಆಫ್ ಮಾಡಿ, ಕೀ ಮನೆಯೊಳಗೆ ಇಟ್ಟು ಬಂದು ಬಾನೆಟ್ ಎತ್ತಿ. ಶಟರ್ ಎಳೆದ ಗ್ಯಾರೇಜಿನಲ್ಲಿ ಗಾಡಿ ರೆಡಿಯಲ್ಲಿ ಬಿಟ್ಟು ಹೋಗಬೇಡಿ. ಎಂಜಿನ್ ಶುರುವಾದದ್ದು ಗೊತ್ತೇ ಆಗದೆ ವಿಷದ ಹೊಗೆ ತುಂಬಿಕೊಳ್ಳಬಹುದು.

ಲಕ್ಷಣ: ಮೈಲೇಜ್ ಇಳಿದಿದೆ

ಮೊದಲು ಇಳಿದಿರುವುದು ನಿಜವೇ ನೋಡಿ. ಮೀಟರ್ ತೋರಿಸುವ ಸರಾಸರಿಯನ್ನು ಮಾತ್ರ ನಂಬಬೇಡಿ. ಒಂದೇ ಬಂಕಿನಲ್ಲಿ, ಒಂದೇ ಪಂಪಿನಲ್ಲಿ ಆಟೋ ಕಟ್ ಆಗುವವರೆಗೆ ತುಂಬಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ. ಮುಂದಿನ ಸಲವೂ ಹಾಗೇ ತುಂಬಿಸಿ ಭಾಗಿಸಿ. ಎರಡು-ಮೂರು ಟ್ಯಾಂಕ್ ಲೆಕ್ಕ ಬೇಕು. ಒಂದೇ ಟ್ಯಾಂಕ್ ನೋಡಿ ದೂರು ಹೇಳುವವರು ಬಹಳ ಜನ. ಕಂಪನಿ ಹೇಳಿದ ಅಂಕಿಯ ಜೊತೆಗೂ ಹೋಲಿಸಬೇಡಿ. ಗ್ರ್ಯಾಂಡ್ ವಿಟಾರಾ ಹೈಬ್ರಿಡ್‌ಗೆ 27.97, ಇನ್ನೋವಾ ಹೈಕ್ರಾಸ್ ಹೈಬ್ರಿಡ್‌ಗೆ 23.24 ಎಂದು ಬಂದದ್ದು ಪ್ರಯೋಗಾಲಯದ ರೋಲರ್ ಮೇಲೆ. ಹೋಲಿಸಬೇಕಾದದ್ದು ನಿಮ್ಮದೇ ಗಾಡಿಯ ಹಿಂದಿನ ತಿಂಗಳ ಲೆಕ್ಕದ ಜೊತೆ.

ಲೆಕ್ಕದಲ್ಲೂ ಇಳಿದಿದ್ದರೆ ಗಾಳಿ ನೋಡಿ. ಬೆಳಿಗ್ಗೆ, ಟೈರ್ ತಣ್ಣಗಿರುವಾಗ. ಸರಿಯಾದ ಅಂಕಿ ಡ್ರೈವರ್ ಬಾಗಿಲ ಪಕ್ಕದ ಸ್ಟಿಕರ್ ಮೇಲಿರುತ್ತದೆ. ಹೊಸ ಟೈರ್ ಹಾಕಿಸಿದ ತಿಂಗಳಿಂದಲೇ ಇಳಿದಿದ್ದರೆ ಕಾರಣ ಅಲ್ಲೇ ಇರಬಹುದು. ಗಾಡಿ ಜೊತೆ ಬಂದ ಟೈರ್ ಸಾಮಾನ್ಯವಾಗಿ ಕಡಿಮೆ ಎಳೆತದ್ದು. ಅಗ್ಗಕ್ಕೆ ಸಿಕ್ಕಿತು ಅಂತ ಹಾಕಿಸಿದ್ದು ಹಾಗಿರುವುದಿಲ್ಲ. ಡಿಕ್ಕಿಯಲ್ಲಿ ಮರೆತ ಅಕ್ಕಿ ಮೂಟೆ, ಮೇಲಿನ ಕ್ಯಾರಿಯರ್ ಎರಡೂ ನೋಡಿ. ಹೆದ್ದಾರಿಯಲ್ಲಿ ಕ್ಯಾರಿಯರ್ ಜಾಸ್ತಿ ತಿನ್ನುತ್ತದೆ.

ಮುಂದಿನದು ನಿಮ್ಮ ಓಡಾಟ. ಮಗುವಿನ ಶಾಲೆ ಬದಲಾಗಿ, ದಿನಾ ಎರಡೆರಡು ಕಿ.ಮೀ.ನ ನಾಲ್ಕು ಸುತ್ತು ಶುರುವಾಗಿದೆಯೇ? ಪ್ರತಿ ಸಲ ತಣ್ಣಗಿನ ಎಂಜಿನ್ ಬಿಸಿಯಾಗುವ ಮುಂಚೆಯೇ ಗಾಡಿ ನಿಲ್ಲುತ್ತದೆ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಲಸ ಮಾಡಬೇಕಾದರೆ ಬಿಸಿ ಇರಲೇಬೇಕು. ಅದಕ್ಕೆ ಮೊದಲ ಕೆಲವು ನಿಮಿಷ ಬ್ಯಾಟರಿ ತುಂಬಿದ್ದರೂ ಎಂಜಿನ್ ಓಡುತ್ತದೆ. ಹೀಗೆ ಓಡಿಸುವ ಗಾಡಿಯಲ್ಲಿ ಪೆಟ್ರೋಲ್ ಅಂಶ, ನೀರಿನ ಅಂಶ ಆಯಿಲ್‌ನಲ್ಲಿ ಉಳಿದುಕೊಳ್ಳುವುದೂ ಉಂಟು. ಕಿ.ಮೀ. ಆಗಿಲ್ಲ ಅಂತ ಆಯಿಲ್ ಬದಲಾವಣೆ ಮುಂದೂಡಬೇಡಿ, ತಿಂಗಳ ಲೆಕ್ಕ ಹಿಡಿಯಿರಿ. ವಾರಕ್ಕೊಮ್ಮೆ ಅರ್ಧ ಗಂಟೆಯ ಒಂದು ಓಟ ಕೊಡಿ.

ಪೆಟ್ರೋಲೂ ಬದಲಾಗಿದೆ. ಬಂಕಿನಲ್ಲಿ ಈಗ ಸಿಗುವ ಇ20 ಅಂದರೆ ನೂರಕ್ಕೆ ಇಪ್ಪತ್ತು ಭಾಗ ಎಥನಾಲ್. ಒಂದು ಲೀಟರ್ ಎಥನಾಲ್‌ನಲ್ಲಿರುವ ಶಕ್ತಿ ಪೆಟ್ರೋಲಿನದರ ಸುಮಾರು ಮೂರನೇ ಎರಡು ಭಾಗ ಮಾತ್ರ. ಶುದ್ಧ ಪೆಟ್ರೋಲಿಗೆ ಹೋಲಿಸಿದರೆ ಇ20ರಲ್ಲಿ ಶಕ್ತಿ ನೂರಕ್ಕೆ ಆರೇಳು ಪಾಲು ಕಡಿಮೆ, ಮೊದಲಿನ ಇ10ಕ್ಕೆ ಹೋಲಿಸಿದರೆ ಮೂರರ ಆಸುಪಾಸು. ಇಲ್ಲಿ ಗಾಡಿ ನಿಜವಾಗಿಯೂ 'ಕಲಿಯುತ್ತದೆ'. ಹೊಗೆ ಕೊಳವೆಯ ಆಮ್ಲಜನಕದ ಸೆನ್ಸರ್ ನೋಡಿ ಪೆಟ್ರೋಲ್ ಸ್ವಲ್ಪ ಜಾಸ್ತಿ ಬಿಡುವ ತಿದ್ದುಪಡಿ ಮಾಡಿಕೊಳ್ಳುತ್ತದೆ. ಅದನ್ನು ರೀಸೆಟ್ ಮಾಡಿಸಿ ಏನು ಬಂತು? ನಾಳೆ ಮತ್ತೆ ಅದನ್ನೇ ಕಲಿಯುತ್ತದೆ.

ಇಷ್ಟೆಲ್ಲ ಆದ ಮೇಲೂ ಹಳೇ ಲೆಕ್ಕಕ್ಕಿಂತ ನೂರಕ್ಕೆ ಹದಿನೈದು ಪಾಲು ಕಡಿಮೆ ಉಳಿದಿದ್ದರೆ ಏರ್ ಫಿಲ್ಟರ್ ನೋಡಿಸಿ, ಬ್ರೇಕ್ ಹಿಡಿದುಕೊಂಡಿದೆಯೇ ಪರೀಕ್ಷಿಸಿ. ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿದು ನೋಡಿ, ಮುಟ್ಟಬೇಡಿ. ಒಂದು ಮಾತ್ರ ಹೆಂಚಿನ ಹಾಗೆ ಕಾದಿದ್ದರೆ ಆ ಬ್ರೇಕ್ ಬಿಡುತ್ತಿಲ್ಲ ಎಂದು ಅರ್ಥ. ಮೊಬೈಲಿಗೆ ಜೋಡಿಸುವ ಒಬಿಡಿ ರೀಡರ್ (ಗಾಡಿಯ ಕಂಪ್ಯೂಟರ್ ಓದುವ ಸಾಧನ) ಇದ್ದವರು ಎಂಜಿನ್ ಬಿಸಿಯಾದ ಮೇಲೆ ದೀರ್ಘಾವಧಿ ಫ್ಯುಯೆಲ್ ಟ್ರಿಮ್, ಅಂದರೆ ಮೇಲೆ ಹೇಳಿದ ಮಿಶ್ರಣದ ತಿದ್ದುಪಡಿ, ನೋಡಬಹುದು. ಪ್ಲಸ್ ಅಥವಾ ಮೈನಸ್ ಶೇಕಡಾ 10ರ ಒಳಗಿದ್ದರೆ ನಿಶ್ಚಿಂತೆ. ಅದನ್ನು ಬಹಳ ಮೀರಿದ್ದರೆ ಎಲ್ಲೋ ಗಾಳಿ ಸೋರಿಕೆ, ಕೊಳಕಾದ ಸೆನ್ಸರ್, ಇಲ್ಲವೇ ಕಲಬೆರಕೆ ಪೆಟ್ರೋಲ್. ಆಗ ಮಾತ್ರ ಮೆಕ್ಯಾನಿಕ್ ಹತ್ತಿರ ಹೋಗಿ. ಕಾರಣ ಸರಿಪಡಿಸಿದ ಮೇಲೆ ರೀಸೆಟ್ ಮಾಡಿದರೆ ಅದಕ್ಕೆ ಅರ್ಥವಿದೆ.

ಲಕ್ಷಣ: ಎಂಜಿನ್ ನಿಲ್ಲುವುದೇ ಇಲ್ಲ, ಇವಿ ದೀಪ (ಬರೀ ಮೋಟರಿನಲ್ಲಿ ಓಡುತ್ತಿದೆ ಎಂಬ ಗುರುತು) ಬರುತ್ತಿಲ್ಲ

ಹೊಸದಾಗಿ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡವರು ಮೊದಲು ತಿಳಿಯಬೇಕಾದದ್ದು: ನಿಮ್ಮದು ಯಾವ ಹೈಬ್ರಿಡ್? ಬಿಡದಿಯಲ್ಲಿ ತಯಾರಾಗುವ ಹೈರೈಡರ್ ಒಂದೇ ಹೆಸರಿನಲ್ಲಿ ಮೈಲ್ಡ್ ಮತ್ತು ಸ್ಟ್ರಾಂಗ್ ಎರಡೂ ಬಗೆಯಲ್ಲಿ ಬರುತ್ತದೆ. ಗ್ರ್ಯಾಂಡ್ ವಿಟಾರಾ ಕೂಡ ಹಾಗೇ. ಮೈಲ್ಡ್ ಬಗೆ ಬರೀ ಮೋಟರಿನಲ್ಲಿ ಓಡುವುದಿಲ್ಲ. ಅದರಲ್ಲಿ ಇವಿ ದೀಪ ಹುಡುಕಿದರೆ ಕೋಣದಲ್ಲಿ ಹಾಲು ಕರೆದಂತೆ.

ಸ್ಟ್ರಾಂಗ್ ಹೈಬ್ರಿಡ್ ಆಗಿದ್ದರೆ ಈ ನಾಲ್ಕು ನೋಡಿ. ಎಂಜಿನ್ ಇನ್ನೂ ತಣ್ಣಗಿದೆಯೇ? ಮೀಟರಿನಲ್ಲಿ ಬ್ಯಾಟರಿ ಎರಡು ಗೀಟಿಗೆ ಇಳಿದಿದೆಯೇ? ಎಸಿ ಪೂರ್ತಿ ತಿರುಗಿಸಿದ್ದೀರಾ? ಪವರ್ ಮೋಡ್ ಒತ್ತಿ ಮರೆತಿದ್ದೀರಾ, ಅಥವಾ ಗೇರ್ ಲಿವರ್ ಬಿ ಯಲ್ಲಿ (ಇಳಿಜಾರಿನಲ್ಲಿ ಎಂಜಿನ್ ಹಿಡಿತ ಹೆಚ್ಚಿಸುವ ಸ್ಥಾನ) ಕೂತಿದೆಯೇ? ಯಾವುದೇ ಒಂದಕ್ಕೆ ಹೌದು ಎಂದಾದರೆ ಗಾಡಿ ಸರಿಯಾಗಿಯೇ ಇದೆ. ಎಸಿ ವಿಷಯ ಜನರಿಗೆ ಬೇಗ ಹೊಳೆಯುವುದಿಲ್ಲ. ಇದರ ಎಸಿ ಕಂಪ್ರೆಸರ್ ಬ್ಯಾಟರಿಯಿಂದ ತಿರುಗುತ್ತದೆ. ಏಪ್ರಿಲ್ ಮಧ್ಯಾಹ್ನ ಕಲಬುರಗಿ ಬಿಸಿಲಿನಲ್ಲಿ ನಿಂತ ಕಾರು ಹತ್ತಿ ಎಸಿ ಜೋರು ಹಾಕಿದರೆ, ಬ್ಯಾಟರಿ ತುಂಬಲು ಎಂಜಿನ್ ಮತ್ತೆ ಮತ್ತೆ ಎದ್ದೇ ಏಳುತ್ತದೆ. ಅದೇ ಗಾಡಿ ಡಿಸೆಂಬರಿನ ಮಡಿಕೇರಿಯಲ್ಲಿ ಬೇರೆ ಕಾರಣಕ್ಕೆ ಎಂಜಿನ್ ಓಡಿಸುತ್ತದೆ. ಒಳಗೆ ಹೀಟರ್ ಬೇಕು, ಅದಕ್ಕೆ ಎಂಜಿನ್ನಿನ ಬಿಸಿ ಬೇಕು.

ಇನ್ನು ಕಾಲು. ಆಕ್ಸಿಲರೇಟರ್ ಸ್ವಲ್ಪ ಗಟ್ಟಿಯಾಗಿ ಒತ್ತಿದರೂ ಎಂಜಿನ್ ಬರುತ್ತದೆ. ಬೇಕಾದ ವೇಗ ಬಂದ ಮೇಲೆ ಕಾಲು ಒಮ್ಮೆ ಪೂರ್ತಿ ತೆಗೆದು, ಮತ್ತೆ ಮೆಲ್ಲಗೆ ಇಟ್ಟು ನೋಡಿ. ಬಹಳ ಸಲ ಇವಿ ದೀಪ ಅಲ್ಲೇ ಬರುತ್ತದೆ. ನಿಮ್ಮ ಮನೆಯವರು ಓಡಿಸಿದಾಗ ಬರುತ್ತದೆ, ನೀವು ಓಡಿಸಿದಾಗ ಬರುವುದಿಲ್ಲ ಎಂದಾದರೆ ರಿಪೇರಿ ಗಾಡಿಗೆ ಬೇಡ.

ಅರ್ಧ ಗಂಟೆ ಓಡಿದ ಬಿಸಿ ಎಂಜಿನ್, ಸಮತಟ್ಟಾದ ರಸ್ತೆ, ಎಸಿ ಆಫ್, ಬ್ಯಾಟರಿ ಅರ್ಧಕ್ಕಿಂತ ಮೇಲೆ. ಇಷ್ಟಿದ್ದೂ ಎಂಜಿನ್ ನಿಲ್ಲದಿದ್ದರೆ ತೋರಿಸಿ. ಎಂಜಿನ್ ಬಿಸಿಯಾಗಲು ಬಿಡದ ಕೆಟ್ಟ ಥರ್ಮೋಸ್ಟಾಟ್ (ಕೂಲಂಟ್ ಹರಿವು ನಿಯಂತ್ರಿಸುವ ಕವಾಟ) ಇಲ್ಲಿ ಸಿಗುವ ಸಣ್ಣ ಕಾರಣ, ಬಳಲಿದ ದೊಡ್ಡ ಬ್ಯಾಟರಿ ದೊಡ್ಡ ಕಾರಣ.

ಲಕ್ಷಣ: ಸಿಗ್ನಲ್‌ನಲ್ಲಿ ನಿಂತಾಗ ಬ್ಯಾಟರಿ ಸುಮ್ನೆ ಇಳಿಯುತ್ತದೆ

ಇದು ಹಳೇ ಕೈಗೇರಿನ ಅಭ್ಯಾಸ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತ ಕೂಡಲೇ ಕೈ ತಾನೇ ಎನ್ (ನ್ಯೂಟ್ರಲ್) ಕಡೆ ಹೋಗುತ್ತದೆ. ಟೊಯೋಟಾ ಬಗೆಯ ಹೈಬ್ರಿಡ್‌ನಲ್ಲಿ ಎನ್‌ನಲ್ಲಿದ್ದರೆ ದೊಡ್ಡ ಬ್ಯಾಟರಿ ಚಾರ್ಜ್ ಆಗುವುದಿಲ್ಲ. ಎಂಜಿನ್ ಓಡುತ್ತಿದ್ದರೂ ಅಷ್ಟೇ. ಎಸಿ ಮಾತ್ರ ತಿನ್ನುತ್ತಲೇ ಇರುತ್ತದೆ. ಡಿ (ಡ್ರೈವ್) ಯಲ್ಲೇ ಇಟ್ಟು ಬ್ರೇಕ್ ಒತ್ತಿ ಹಿಡಿಯಿರಿ. ಬಹಳ ಹೊತ್ತಾಗುವುದಾದರೆ ಪಿ (ಪಾರ್ಕ್) ಗೆ ಹಾಕಿ.

ಡಿ ಯಲ್ಲಿದ್ದರೂ ಗೀಟುಗಳು ಸರಸರ ಇಳಿದು, ಎಂಜಿನ್ ಬಂದ ಕೂಡಲೇ ಸರಸರ ಏರಿದರೆ ಲಕ್ಷ್ಯ ಕೊಡಿ. ಒಂದು ನಿಮಿಷದಲ್ಲಿ ಆರರಿಂದ ಎರಡಕ್ಕೆ, ಮತ್ತೆ ಎರಡರಿಂದ ಆರಕ್ಕೆ. ತಳ ಎತ್ತರಿಸಿದ ಪಾತ್ರೆಯಲ್ಲಿ ನೀರು ಬೇಗ ತುಂಬಿ ಬೇಗ ಖಾಲಿಯಾದ ಹಾಗೆ. ಬ್ಯಾಟರಿಯ ಹಿಡಿತ ಕಡಿಮೆಯಾಗಿರುವ ಗುರುತು ಇದು. ಇಂಥ ಗಾಡಿಯಲ್ಲಿ ಪಿ0ಎ80 (P0A80) ಎಂಬ ದೋಷದ ಕೋಡ್ ಬಂದಿದ್ದರೆ ಬ್ಯಾಟರಿ ಪರೀಕ್ಷೆ ಮಾಡಿಸಲೇಬೇಕು. ವಾರಂಟಿ ಪುಸ್ತಕ ತೆಗೆಯಿರಿ. ಭಾರತದಲ್ಲಿ ಟೊಯೋಟಾ ಹೈಬ್ರಿಡ್ ಬ್ಯಾಟರಿಗೆ ಎಂಟು ವರ್ಷ ಅಥವಾ 1,60,000 ಕಿ.ಮೀ.ವರೆಗೆ ವಾರಂಟಿ ಕೊಟ್ಟಿದೆ.

ಲಕ್ಷಣ: ಹಿಂದಿನ ಸೀಟಿನ ಹತ್ತಿರ ಫ್ಯಾನ್ ಸದ್ದು

ಗಾಳಿಯಿಂದ ತಣ್ಣಗಾಗುವ ಬ್ಯಾಟರಿ ಇದ್ದರೆ ಅದಕ್ಕೊಂದು ಫ್ಯಾನ್ ಇರುತ್ತದೆ. ಅದು ಕಾರಿನೊಳಗಿನ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಬಿಸಿಲಿನಲ್ಲಿ ನಿಲ್ಲಿಸಿ ಹೊರಟಾಗ ಸದ್ದು ಜೋರಾಗಿ, ಎಸಿ ಹಾಕಿ ಹತ್ತು ನಿಮಿಷಕ್ಕೆ ಇಳಿದರೆ ಸರಿ. ತಂಪಿನಲ್ಲೂ ಬುಸುಗುಡುತ್ತಲೇ ಇದ್ದರೆ ಸೀಟಿನ ಬದಿಯ ಗಾಳಿಕಿಂಡಿ ನೋಡಿ. ಬೇರೆ ಬೇರೆ ಮಾಡೆಲ್‌ನಲ್ಲಿ ಜಾಗ ಬೇರೆ, ಕೈಪಿಡಿಯಲ್ಲಿ ಚಿತ್ರ ಇರುತ್ತದೆ. ಬ್ಯಾಗು, ಕಂಬಳಿ, ಮಕ್ಕಳ ಬಿಸ್ಕತ್ ಪುಡಿ, ನಾಯಿ ಕೂದಲು ಇವೇ ಸಾಮಾನ್ಯ ಅಪರಾಧಿಗಳು. ಕಿಂಡಿಯ ಫಿಲ್ಟರನ್ನು ವ್ಯಾಕ್ಯೂಮ್‌ನಿಂದ ಎಳೆಯಿರಿ. ನೀರು ಹಾಕಬೇಡಿ, ಒಳಗೆ ಗಾಳಿ ಊದಲೂ ಬೇಡಿ, ಕಸ ಇನ್ನೂ ಒಳಗೆ ಹೋಗುತ್ತದೆ. ಇಷ್ಟು ಸಣ್ಣ ಕೆಲಸ ಬಿಟ್ಟರೆ ಬ್ಯಾಟರಿ ಕಾದು ಕಾದು ಬೇಗ ಮುದಿಯಾಗುತ್ತದೆ.

ಲಕ್ಷಣ: ಘಾಟಿ ಇಳಿಯುವಾಗ ಎಂಜಿನ್ ತಾನಾಗಿ ಕೂಗುತ್ತದೆ

ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ ಅರ್ಧ ಇಳಿದಾಗ ಇದು ಶುರುವಾಗುತ್ತದೆ. ಕಾಲು ಆಕ್ಸಿಲರೇಟರ್ ಮೇಲಿಲ್ಲ, ಆದರೂ ಎಂಜಿನ್ ಜೋರು. ಹೆದರಬೇಡಿ. ಅಲ್ಲಿವರೆಗೆ ಮೋಟರ್ ಬ್ರೇಕಿನ ಕೆಲಸ ಮಾಡಿ ಬ್ಯಾಟರಿ ತುಂಬಿಸುತ್ತಿತ್ತು. ಈಗ ಬ್ಯಾಟರಿಯಲ್ಲಿ ಜಾಗ ಇಲ್ಲ. ಹಾಗಾಗಿ ಎಂಜಿನ್ನನ್ನು ತಿರುಗಿಸಿ ವೇಗ ಹಿಡಿಯುತ್ತದೆ. ಬಿ ಇರುವ ಗಾಡಿಯಲ್ಲಿ ಇಳಿಜಾರು ಶುರುವಾದಾಗಲೇ ಬಿ ಗೆ ಹಾಕಿ. ಸ್ಟೀರಿಂಗ್ ಹಿಂದೆ ಪ್ಯಾಡಲ್ ಇದ್ದರೆ ಅದನ್ನು ಬಳಸಿ. ಸಮತಟ್ಟಿಗೆ ಬಂದ ಮೇಲೆ ಡಿ ಗೆ ತರುವುದು ಮರೆಯಬೇಡಿ. ಎನ್ ಮಾಡಿ ಇಳಿಯುವ ಹಳೇ 'ಪೆಟ್ರೋಲ್ ಉಳಿತಾಯ' ಇಲ್ಲಿ ಬೇಡವೇ ಬೇಡ. ಮೋಟರಿನ ಹಿಡಿತವೂ ಹೋಗುತ್ತದೆ, ಬರುವ ಚಾರ್ಜೂ ಹೋಗುತ್ತದೆ, ಬ್ರೇಕ್ ಮಾತ್ರ ಕಾದು ಬಿಸಿಯಾಗುತ್ತದೆ.

ಕಾದ ಬ್ರೇಕಿನ ವಾಸನೆ ಬಂದರೆ ಅಥವಾ ಪೆಡಲ್ ಮೆತ್ತಗಾದರೆ ಅಗಲವಾದ ಜಾಗ ನೋಡಿ ನಿಲ್ಲಿಸಿ, ಆರಲು ಬಿಡಿ. ಆರಿದ ಮೇಲೂ ಪೆಡಲ್ ಮೆತ್ತಗೇ ಇದ್ದರೆ ಅಲ್ಲಿಂದ ಇಳಿಯಬೇಡಿ. ಟೋ ಗಾಡಿ ಕರೆಯಿರಿ.

ಲಕ್ಷಣ: ಬೆಳಿಗ್ಗೆ ಬ್ರೇಕ್ ಕರಕರ ಅನ್ನುತ್ತದೆ

ಮಂಗಳೂರು, ಕಾರವಾರದ ಕಡೆ ಮಳೆಗಾಲದಲ್ಲಿ ಇದು ಮಾಮೂಲು. ಹೈಬ್ರಿಡ್‌ನಲ್ಲಿ ಮೋಟರೇ ಅರ್ಧ ಬ್ರೇಕ್ ಹಿಡಿಯುವುದರಿಂದ ಡಿಸ್ಕಿಗೆ ಕೆಲಸ ಕಡಿಮೆ. ಕೆಲಸ ಇಲ್ಲದ ಕಬ್ಬಿಣಕ್ಕೆ ತುಕ್ಕು. ಮೂರ್ನಾಲ್ಕು ಸಲ ಬ್ರೇಕ್ ಹಿಡಿದ ಮೇಲೆ ಸದ್ದು ಹೋದರೆ ಬಿಡಿ. ವಾರಕ್ಕೊಮ್ಮೆ ಹಿಂದೆ ಯಾರೂ ಇಲ್ಲದ ಕಡೆ ಸ್ವಲ್ಪ ಗಟ್ಟಿಯಾಗಿ ಬ್ರೇಕ್ ಹಿಡಿದರೆ ಡಿಸ್ಕ್ ಹೊಳಪಾಗಿರುತ್ತದೆ. ಸದ್ದು ಹೋಗದಿದ್ದರೆ ಪ್ಯಾಡ್ ನೋಡಿಸಿ. ಬ್ರೇಕ್ ದ್ರವ ಬದಲಾಯಿಸುವ ಕೆಲಸವನ್ನು ಹೈಬ್ರಿಡ್ ಗೊತ್ತಿಲ್ಲದವರ ಕೈಗೆ ಕೊಡಬೇಡಿ. ಬಾಗಿಲು ತೆಗೆದಾಗ ಗುರ್ ಅಂತ ಎರಡು ಸೆಕೆಂಡ್ ಸದ್ದು ಬರುವ ಗಾಡಿಗಳಿವೆ. ಅದು ಬ್ರೇಕಿನ ಪಂಪ್ ಒತ್ತಡ ತುಂಬಿಕೊಳ್ಳುವುದು.

ಲಕ್ಷಣ: ಬಟನ್ ಒತ್ತಿದರೆ ರೆಡಿ ಬರುತ್ತಿಲ್ಲ

ದೊಡ್ಡ ಬ್ಯಾಟರಿ ಸತ್ತೇ ಹೋಯಿತು, ಲಕ್ಷಗಟ್ಟಲೆ ಖರ್ಚು ಎಂದು ಎದೆ ಒಡೆದುಕೊಳ್ಳಬೇಡಿ. ಹೆಚ್ಚಿನ ಸಲ ತಪ್ಪು ಚಿಕ್ಕ 12 ವೋಲ್ಟ್ ಬ್ಯಾಟರಿಯದ್ದು. ಗಾಡಿಯ ಕಂಪ್ಯೂಟರ್ ಎಬ್ಬಿಸುವುದು ಅದೇ. ಎಂಜಿನ್ ತಿರುಗಿಸುವ ಭಾರ ಅದರ ಮೇಲಿಲ್ಲದ ಕಾರಣ ಮುಂಚೆ ಸೂಚನೆ ಕೊಡುವುದಿಲ್ಲ. ಒಂದು ಬೆಳಿಗ್ಗೆ ಸುಮ್ಮನೆ ಕೈ ಕೊಡುತ್ತದೆ.

ಕ್ರಮ ಹೀಗೆ. ಬ್ರೇಕ್ ಗಟ್ಟಿಯಾಗಿ ಒತ್ತಿದ್ದೀರಾ ನೋಡಿ. ಕೀಯ ಸೆಲ್ ಬದಲಿಸಿ, ಅಥವಾ ಕೀಯನ್ನು ಬಟನ್ನಿಗೆ ತಾಗಿಸಿ ಒತ್ತಿ. ಒಳಗಿನ ದೀಪ ಮಂಕಾಗಿದ್ದರೆ ಮಲ್ಟಿಮೀಟರ್ ಹಿಡಿಯಿರಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.4ರಿಂದ 12.6 ಇದ್ದರೆ ಚೆನ್ನಾಗಿದೆ. 12ಕ್ಕಿಂತ ಕೆಳಗಿದ್ದರೆ ಖಾಲಿ. ಜಂಪ್ (ಬೇರೆ ಬ್ಯಾಟರಿಯಿಂದ ತಂತಿ ಜೋಡಿಸಿ ಎಬ್ಬಿಸುವುದು) ಕೊಡಬಹುದು, ಕೈಪಿಡಿ ತೋರಿಸಿದ ಜಾಗದಲ್ಲಿ ಮಾತ್ರ. ಪ್ಲಸ್-ಮೈನಸ್ ಅದಲು-ಬದಲಾದರೆ ಇನ್ನೂರು ರೂಪಾಯಿ ಕೆಲಸ ಇನ್ವರ್ಟರ್ ಬಿಲ್ಲಾಗಿ ಬೆಳೆಯಬಹುದು. ನಿಮ್ಮ ಹೈಬ್ರಿಡ್‌ನಿಂದ ಬೇರೆ ಕಾರಿಗೆ ಜಂಪ್ ಕೊಡಬೇಡಿ, ಪಕ್ಕದ ಮನೆಯವರು ಏನೇ ಅಂದುಕೊಳ್ಳಲಿ. ರೆಡಿ ಬಂದ ಮೇಲೆ ಮೀಟರ್ ಸುಮಾರು 14 ತೋರಿಸಬೇಕು. ತೋರಿಸದಿದ್ದರೆ ಹೊಸ ಬ್ಯಾಟರಿ ಕೊಳ್ಳುವ ಮುಂಚೆ ಚಾರ್ಜ್ ಮಾಡುವ ಭಾಗ ಪರೀಕ್ಷಿಸಿ.

ತಿಂಗಳುಗಟ್ಟಲೆ ವಿದೇಶಕ್ಕೆ ಹೋಗುವವರು ಎರಡು-ಮೂರು ತಿಂಗಳಿಗೊಮ್ಮೆ ಯಾರಿಗಾದರೂ ಹೇಳಿ ಅರ್ಧ ಗಂಟೆ ಓಡಿಸಿಸಿ. ಬರೀ ಬಟನ್ ಒತ್ತಿ ಆಫ್ ಮಾಡಿದರೆ ಸಾಲದು. 12 ವೋಲ್ಟ್ ಬ್ಯಾಟರಿ ಅಷ್ಟು ದಿನ ತಡೆಯದಿರಬಹುದು, ಅದಕ್ಕೆ ಇನ್ನೂ ಬೇಗ ಬೇಗ ಬೇಕು. 12 ವೋಲ್ಟ್ ಬ್ಯಾಟರಿ ಬಿಚ್ಚಿ ಮತ್ತೆ ಜೋಡಿಸಿದ ಮೇಲೆ ಕೆಲವು ದಿನ ಎಂಜಿನ್ ಸ್ವಲ್ಪ ಒರಟಾಗಿ ನಡೆದುಕೊಂಡರೆ, ಗಾಜು ತಾನಾಗಿ ಏರದಿದ್ದರೆ, ಅದು ಕಲಿತದ್ದನ್ನು ಮರೆತಿದೆ ಅಷ್ಟೇ. ಎಂಜಿನ್ನಿಗಾದರೆ ಎರಡು-ಮೂರು ದಿನ ಮಾಮೂಲಾಗಿ ಓಡಿಸಿ, ಗಾಜಿಗೆ ಕೈಪಿಡಿ ನೋಡಿ.

ಈ ಕಡೆ ಕೈ ಹಾಕಬೇಡಿ

ಹೈಬ್ರಿಡ್ ಸಿಸ್ಟಮ್ ಪರೀಕ್ಷಿಸಿ ಎಂಬ ಕೆಂಪು ಸಂದೇಶ, ಕೆಂಪು ಬ್ರೇಕ್ ದೀಪದ ಜೊತೆ ಎಬಿಎಸ್ ದೀಪ, ಬಿಸಿಯಾಗಿದೆ ಎಂಬ ಎಚ್ಚರಿಕೆ, ಸುಟ್ಟ ಪ್ಲಾಸ್ಟಿಕ್ ವಾಸನೆ, ಬ್ಯಾಟರಿ ಕಡೆಯಿಂದ ಹೊಗೆ. ಇವುಗಳಲ್ಲಿ ಯಾವುದೇ ಬಂದರೂ ಪಕ್ಕಕ್ಕೆ ನಿಲ್ಲಿಸಿ, ಆಫ್ ಮಾಡಿ, ಎಲ್ಲರೂ ಇಳಿದು ದೂರ ನಿಲ್ಲಿ. ಹೊಗೆ ಇದ್ದರೆ 112ಕ್ಕೆ ಕರೆ ಮಾಡಿ, ಹೈಬ್ರಿಡ್ ಗಾಡಿ ಎಂದು ಮೊದಲೇ ಹೇಳಿ. ಬಿಸಿ ಎಚ್ಚರಿಕೆ ಬಂದಾಗ ಕೂಲಂಟ್ ಮುಚ್ಚಳ ತೆಗೆಯಬೇಡಿ. ಹಲವು ಗಾಡಿಗಳಲ್ಲಿ ಎಂಜಿನ್ನಿಗೊಂದು, ಇನ್ವರ್ಟರಿಗೊಂದು ಪ್ರತ್ಯೇಕ ಡಬ್ಬಿ ಇರುತ್ತದೆ. ಎರಡೂ ತಣ್ಣಗಾದ ಮೇಲೆ ಹೊರಗಿನಿಂದಲೇ ಮಟ್ಟ ನೋಡಿ.

ಪೆಟ್ರೋಲ್ ಖಾಲಿಯಾದಾಗ ಮೋಟರಿನಲ್ಲಿ ಮನೆ ಸೇರೋಣ ಎಂದುಕೊಳ್ಳಬೇಡಿ. ಹೈರೈಡರ್‌ನ ಬ್ಯಾಟರಿ ಒಂದು ಯೂನಿಟ್ ಕರೆಂಟೂ ಹಿಡಿಯುವುದಿಲ್ಲ, 0.76 ಮಾತ್ರ. ಅದನ್ನು ಬರಿದು ಮಾಡಿದರೆ ಪೆಟ್ರೋಲ್ ಹಾಕಿದ ಮೇಲೂ ಎಂಜಿನ್ ತಿರುಗಿಸಲು ಶಕ್ತಿ ಇರುವುದಿಲ್ಲ.

ಬೇಸ್‌ಮೆಂಟಿನಲ್ಲಿ ಸೀಟಿನ ಮಟ್ಟಕ್ಕೆ ನೀರು ಬಂದಿದ್ದ ಗಾಡಿಯನ್ನು ಒಣಗಿದೆ ಎಂದು ಬಟನ್ ಒತ್ತಿ ನೋಡಬೇಡಿ. ಟೋ ಮಾಡುವಾಗ ಪೂರ್ತಿ ಲಾರಿ ಮೇಲೆ ಏರಿಸಿ, ಇಲ್ಲವೇ ಮುಂದಿನ ಎರಡು ಚಕ್ರ ನೆಲ ಬಿಟ್ಟಿರಲಿ. ಮುಂದಿನ ಚಕ್ರ ತಿರುಗಿದರೆ ಮೋಟರ್ ತಿರುಗಿ ವಿದ್ಯುತ್ ಹುಟ್ಟುತ್ತದೆ. ಹಗ್ಗ ಕಟ್ಟಿ ಎಳೆಯಲು ಬಂದವರಿಗೆ ಇದನ್ನು ನೀವೇ ಹೇಳಬೇಕಾಗಬಹುದು.

ಸರ್ವಿಸ್ ಸೆಂಟರಿಗೆ ಹೋಗುವ ಮುಂಚೆ ಒಂದು ಚೀಟಿ ಬರೆದುಕೊಳ್ಳಿ. ಲಕ್ಷಣ ಯಾವಾಗ ಬಂತು, ಎಂಜಿನ್ ಬಿಸಿಯಿತ್ತೋ ತಣ್ಣಗಿತ್ತೋ, ಬ್ಯಾಟರಿ ಎಷ್ಟು ಗೀಟು, ಎಸಿ ಇತ್ತೋ, ಏರೋ ಇಳಿಜಾರೋ, ಅದಕ್ಕಿಂತ ಸ್ವಲ್ಪ ಮೊದಲು ಏನು ಬದಲಾಯಿಸಿದ್ದಿರಿ. ಎಚ್ಚರಿಕೆ ದೀಪದ ಫೋಟೋ ಇರಲಿ. ಕೋಡ್ ಓದಿ ಅಳಿಸುವ ಮುಂಚೆ ಅದನ್ನು ಚೀಟಿಯಲ್ಲಿ ಬರೆದುಕೊಡಿ ಎಂದು ಕೇಳಿ.